ಬಚ್ಚಲುಮನೆಯನ್ನು ಕುರಿತು: ಕೊಚ್ಚಿ, ತಿರುವನಂತಪುರಗಳ ಕನ್ನಡ ಗೃಹಸ್ಥರಿಗೆ ಒಂದು ಬಹಿರಂಗ ಪತ್ರ



ಉಡುಪಿ, ಕುಂದಾಪುರಗಳ ಕಡೆಯಿಂದ ಬಂದು ತಲೆಮಾರುಗಳ ಹಿಂದೆಯೇ ಎರ್ನಾಕುಳದಲ್ಲಿ ಹೋಟೆಲು ನೆಲೆಗೊಳಿಸಿದವರ ಸಂತತಿಯವರೂ, 1963ರಲ್ಲಿ ತುಂಬಾದ ಕಡಲ ತೀರದಿಂದ ಪ್ರಥಮ ರಾಕೆಟ್ಟು ಮೇಲೇರಿದ ತರುವಾಯ ಅಲ್ಲಿಯ ಬಾಹ್ಯಾಕಾಶ ಕೇಂದ್ರದ ಕೆಲಸಕ್ಕೆಂದು ತಿರುವನಂತಪುರಕ್ಕೆ ಬಂದು ಮನೆ ಕಟ್ಟಿಕೊಂಡವರೂ, ಬ್ಯಾಂಕು, ರೈಲ್ವೆ, ಹಡಗುಕಟ್ಟೆಗಳ ಉದ್ಯೋಗದ ನಿಮಿತ್ತ ವರ್ಗವಾಗಿ ಬಂದವರೂ, ಕಾಕ್ಕನಾಡಿನ ಇನ್ಫೋಪಾರ್ಕಿನಲ್ಲಿಯೋ ಕಳಕೂಟ್ಟದ ಟೆಕ್ನೋಪಾರ್ಕಿನಲ್ಲಿಯೋ ಕೆಲಸ ಹಿಡಿದು ಬಾಡಿಗೆಯ ಫ್ಲಾಟಿನಲ್ಲಿ ಸಂಸಾರ ಹೂಡಿರುವ ತರುಣ ದಂಪತಿಗಳೂ, ಸೆಕ್ರೆಟೇರಿಯಟ್ಟಿನ ಕಾರ್ಯಕ್ಕೋ ಶ್ರೀಚಿತ್ರಾ ಸಂಸ್ಥೆಯ ಅಥವಾ ಪ್ರಾದೇಶಿಕ ಕ್ಯಾನ್ಸರ್ ಕೇಂದ್ರದ ಚಿಕಿತ್ಸೆಗೋ ಕಾಸರಗೋಡಿನಿಂದ ಬಂದು ಕೊಠಡಿ ಹಿಡಿದು ಉಳಿಯುವವರೂ, ಹೀಗೆ ನಾನಾ ಕಾರಣಗಳಿಂದ ಈ ಎರಡು ನಗರಗಳಲ್ಲಿ ವಾಸಮಾಡುತ್ತಿರುವ ಕನ್ನಡಿಗರೆಲ್ಲರನ್ನೂ ಉದ್ದೇಶಿಸಿ ಈ ಪತ್ರವನ್ನು ಬರೆಯುತ್ತಿದ್ದೇನೆ. ವಿಷಯ ಮನೆಯ ಬಚ್ಚಲು. ಸಭೆಗಳಲ್ಲಿ ಯಾರೂ ಪ್ರಸ್ತಾಪಿಸದ, ಅತಿಥಿಗಳಿಗೆ ಮನೆ ತೋರಿಸುವಾಗ ಬಾಗಿಲು ಎಳೆದುಕೊಂಡು ಮುಂದೆ ಸಾಗುವ ಆ ಕೋಣೆಯ ವಿಚಾರವಾಗಿ ಇಷ್ಟು ದೀರ್ಘವಾಗಿ ಬರೆಯಬೇಕೆ ಎಂದು ನಿಮಗೆ ತೋರಬಹುದು. ಆದರೂ ಮನೆಯಲ್ಲಿ ಎಪ್ಪತ್ತು ದಾಟಿದವರೊಬ್ಬರೋ, ಈಗತಾನೆ ಹೆಜ್ಜೆಯಿಡುತ್ತಿರುವ ಶಿಶುವೊಂದೋ ಇದ್ದ ಪಕ್ಷದಲ್ಲಿ ತಾಳ್ಮೆಯಿಂದ ಓದಬೇಕೆಂದು ಕೋರುತ್ತೇನೆ.

ಕೇರಳವು ಭಾರತದ ರಾಜ್ಯಗಳಲ್ಲೆಲ್ಲ ವೃದ್ಧರ ಪ್ರಮಾಣ ಅತ್ಯಧಿಕವಾಗಿರುವ ರಾಜ್ಯವೆಂಬುದು ನಿಮಗೆ ಗೊತ್ತೇ ಇದೆ. 2011ರ ಜನಗಣತಿಯಲ್ಲಿ ಇಲ್ಲಿ ಅರುವತ್ತು ಮೀರಿದವರು ನೂರಕ್ಕೆ 12.6, 2021ಕ್ಕೆ ಅದು 16.5 ಆಗುವುದೆಂದು ಸರ್ಕಾರ ಅಂದಾಜು ಮಾಡಿತ್ತು. ಇಡೀ ದೇಶಕ್ಕೆ ಆ ವರ್ಷದ ಅಂದಾಜು ಕೇವಲ 10.1. ಬೀಳುವುದರಿಂದ ಜಗತ್ತಿನಲ್ಲಿ ಪ್ರತಿವರ್ಷ ಸುಮಾರು 6,84,000 ಮಂದಿ ಸಾಯುತ್ತಾರೆಂದೂ, ಆಕಸ್ಮಿಕ ಪೆಟ್ಟುಗಳ ಮರಣದಲ್ಲಿ ರಸ್ತೆ ಅಪಘಾತವನ್ನು ಬಿಟ್ಟರೆ ಎರಡನೆಯ ಸ್ಥಾನ ಇದರದೇ ಎಂದೂ, ಅವರಲ್ಲಿ ಅರುವತ್ತು ದಾಟಿದವರೇ ಹೆಚ್ಚೆಂದೂ ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ರಸ್ತೆಯ ಅಪಘಾತಕ್ಕೆ ಪೊಲೀಸರುಂಟು, ನ್ಯಾಯಾಲಯವುಂಟು, ಪತ್ರಿಕೆಯಲ್ಲಿ ನಾಲ್ಕು ಪಂಕ್ತಿಗಳ ವಾರ್ತೆಯುಂಟು. ಬಚ್ಚಲಿನಲ್ಲಿ ಬಿದ್ದವರಿಗೆ ಇವೊಂದೂ ಇಲ್ಲ. "ವಯಸ್ಸಾಗಿತ್ತು, ಕಾಲು ಜಾರಿತು, ಹಾಸಿಗೆ ಹಿಡಿದರು" ಎಂಬ ಮೂರು ಮಾತುಗಳಲ್ಲಿ ಬಂಧುಗಳು ಆ ಕಥೆಯನ್ನು ಮುಗಿಸಿಬಿಡುತ್ತಾರೆ. ನಾನು ವಿರೋಧಿಸುವುದು ಈ ಮೂರು ಮಾತುಗಳನ್ನೇ. ವಯಸ್ಸು ನಮ್ಮ ಅಧೀನದಲ್ಲಿಲ್ಲ, ನಿಜ. ಕಾಲು ಜಾರಿದ ನೆಲ ನಮ್ಮ ಅಧೀನದಲ್ಲಿತ್ತು, ಹಿಡಿಯಲು ಕೈಗೆ ಏನೂ ಸಿಕ್ಕದೆ ಹೋದ ಗೋಡೆಯೂ ನಮ್ಮ ಅಧೀನದಲ್ಲಿತ್ತು.

ಈ ಊರುಗಳಲ್ಲಿ ನಮ್ಮವರ ಪರಿಸ್ಥಿತಿಗೆ ಒಂದು ವಿಶೇಷವುಂಟು. ಮಲಯಾಳಿಗಳ ಮನೆಯ ಹಿರಿಯರು ಜನ್ಮವಿಡೀ ಬಳಕೆಯಾದ ಮನೆಯಲ್ಲಿಯೇ ಮುದಿಯರಾಗುತ್ತಾರೆ. ನಮ್ಮ ಹಿರಿಯರಾದರೋ ಸಾಗರದಿಂದಲೋ ಪುತ್ತೂರಿನಿಂದಲೋ ಧಾರವಾಡದಿಂದಲೋ, ಮಗ ಸೊಸೆಯರು ಕರೆದರೆಂದು, ಮೊಮ್ಮಗು ಹುಟ್ಟಿತೆಂದು, ಊರಿನಲ್ಲಿ ಒಬ್ಬರೇ ಇರಲಾಗದೆಂದು, ಎಪ್ಪತ್ತರ ವಯಸ್ಸಿನಲ್ಲಿ ಬಂದಿಳಿಯುತ್ತಾರೆ. ಊರಿನ ಬಚ್ಚಲುಮನೆಯಲ್ಲಿ ಹಂಡೆಯ ಪಕ್ಕದಲ್ಲಿ ಒರಟು ಕಲ್ಲಿನ ಚಪ್ಪಡಿ, ಕುಳಿತು ಮೀಯಲು ಒಂದು ಮಣೆ, ಏಳುವಾಗ ಊರಿಕೊಳ್ಳಲು ಹಂಡೆಯ ಕಟ್ಟೆ, ಒಲೆಯ ಕಾವಿಗೆ ಸದಾ ಒಣಗಿದ ನೆಲ, ಇವೆಲ್ಲ ಯಾರೂ ಯೋಜಿಸದೆಯೇ ಒದಗಿದ ಅನುಕೂಲಗಳಾಗಿದ್ದುವು. ಅಂಥವರು ವೈಟ್ಟಿಲದ ಮೂರನೆಯ ಮಹಡಿಯ ಫ್ಲಾಟಿಗೆ ಬಂದು ಬಚ್ಚಲಿನ ಬಾಗಿಲು ತೆರೆದಾಗ ಎದುರಾಗುವುದೇನು? ಒಳಗಿನ ನೆಲ ಹೊರಗಿನದಕ್ಕಿಂತ ಒಂದೆರಡು ಅಂಗುಲ ತಗ್ಗು. ಎರಡೂ ಕಡೆ ಒಂದೇ ಬಣ್ಣದ ಹಾಸುಬಿಲ್ಲೆಗಳಾದ್ದರಿಂದ ಪೊರೆ ಬಂದ ಕಣ್ಣಿಗೆ ಆ ತಗ್ಗು ಕಾಣುವುದೇ ಇಲ್ಲ. ನೆಲದ ಬಿಲ್ಲೆಯೂ ಗೋಡೆಯ ಬಿಲ್ಲೆಯೂ ಒಂದೇ ನುಣುಪು. ಕುಳಿತುಕೊಳ್ಳುವ ಕಮೋಡು ಗೋಡೆಗಂಟಿಕೊಂಡಂತೆ ಮೂಲೆಯಲ್ಲಿ. ಅದರಿಂದೇಳುವಾಗ ಕೈಯಳತೆಯಲ್ಲಿರುವುದೊಂದೇ, ಟವೆಲು ಹಾಕುವ ಸರಳು. ಬಕೆಟ್ಟಿನಿಂದ ನೀರು ಮೊಗೆಯಲು ನಡು ಬಗ್ಗಿಸಬೇಕು, ಕೆಳಗೆ ಬಿದ್ದ ಸೋಪಿಗೆ ಇನ್ನಷ್ಟು ಬಗ್ಗಬೇಕು. ಹಗಲೆಲ್ಲ ಮಗ ಸೊಸೆ ಇಬ್ಬರೂ ಆಫೀಸಿನಲ್ಲಿ. ಪಕ್ಕದ ಮನೆಯವರು ಸಜ್ಜನರೇ, ಆದರೆ ಅವರ ಭಾಷೆ ಇವರಿಗೆ ಬಾರದು. ಕೂಗಿದರೂ ಏನೆಂದು ಕೂಗಬೇಕೆಂಬುದೇ ತೋಚದು.

ಇದಕ್ಕಿಂತಲೂ ದೊಡ್ಡ ವಿಘ್ನ ಸಂಕೋಚ. ನಮ್ಮ ಹಿರಿಯರು ಮಂಡಿನೋವನ್ನು ಹೇಳಿಕೊಳ್ಳುತ್ತಾರೆ, ಮಲಬದ್ಧತೆಯನ್ನೂ ವೈದ್ಯರ ಮುಂದೆ ಹೇಳಿಕೊಳ್ಳುತ್ತಾರೆ. ಆದರೆ ಬಚ್ಚಲಿನಲ್ಲಿ ತಮಗೆ ಭಯವಾಗುತ್ತದೆಂದು ಸೊಸೆಗೆ ಹೇಳಲಾರರು. ತಾವು ಹೊರೆಯಾದೆವೆಂಬ ಭಾವನೆ ಬರುವುದು ಮೊದಲು ಅಲ್ಲಿ. ಜಾರಿ ಸಾವರಿಸಿಕೊಂಡ ದಿನ ಅದನ್ನು ಯಾರಿಗೂ ತಿಳಿಸದೆ, ಮೊಣಕೈಗೆ ತಗುಲಿದ ಪೆಟ್ಟನ್ನು ಸೆರಗಿನಲ್ಲಿ ಮುಚ್ಚಿಕೊಂಡು, ಮಾರನೆಯ ದಿನದಿಂದ ಸ್ನಾನವನ್ನೇ ಎರಡು ದಿನಕ್ಕೊಮ್ಮೆ ಮಾಡಿಕೊಳ್ಳುತ್ತಾರೆ. ರಾತ್ರಿ ಏಳಬೇಕಾದೀತೆಂದು ಸಂಜೆಯಿಂದಲೇ ನೀರು ಕುಡಿಯುವುದನ್ನು ಬಿಡುತ್ತಾರೆ. ಎಂದೂ ತಪ್ಪದೆ ಮೀಯುತ್ತಿದ್ದವರು ಮೀಯಲು ಆಲಸ್ಯ ಮಾಡತೊಡಗಿದರೆ ಅದನ್ನು ಮುಪ್ಪಿನ ಹಟವೆಂದು ತಿಳಿಯದೆ, ಆ ಕೋಣೆಯೊಳಕ್ಕೆ ಹೋಗಿ ಅವರ ಎತ್ತರದಿಂದ, ಅವರ ಕಣ್ಣಿನಿಂದ ಒಮ್ಮೆ ನೋಡಿರಿ. ಹಿರಿಯರು ಕೇಳುವರೆಂದು ಕಾಯುವುದು ತರವಲ್ಲ, ಅವರು ಕೇಳುವುದಿಲ್ಲ. ಕೇಳದೆಯೇ ಮಾಡಿಡತಕ್ಕ ಕಾರ್ಯಗಳಲ್ಲಿ ಇದೂ ಒಂದು. ಮಾಡಿದ ಮೇಲೂ "ನಿಮಗಾಗಿ ಮಾಡಿಸಿದ್ದು" ಎಂದು ಹೇಳದೆ ಎಲ್ಲರಿಗಾಗಿ ಮಾಡಿಸಿದ್ದೆಂದು ಹೇಳಿದರೆ ಅವರ ಮರ್ಯಾದೆ ಉಳಿಯುತ್ತದೆ, ಮಾತು ಸುಳ್ಳೂ ಆಗುವುದಿಲ್ಲ.

ಇನ್ನು ನೆಲದ ವಿಚಾರ. ಕೇರಳದಲ್ಲಿ ಜೂನಿನಿಂದ ಒಂದು ಮಳೆಗಾಲ, ಅದು ಹಿಂದೆ ಸರಿಯುತ್ತಿದ್ದಂತೆಯೇ ತುಲಾಮಾಸದ ಇನ್ನೊಂದು. ಈ ಎರಡರ ನಡುವೆ ಕಿಟಕಿ ಸಣ್ಣದಾದ ಬಚ್ಚಲಿನ ನೆಲ ಪೂರ್ತಿ ಒಣಗುವುದೆಂಬುದೇ ಇಲ್ಲ. ಬಿಲ್ಲೆಗಳ ಸಂದಿಯಲ್ಲಿ ಪಾಚಿ ಕಟ್ಟುತ್ತದೆ. ಅದರ ಮೇಲೆ ಎಣ್ಣೆ. ತೆಂಗಿನೆಣ್ಣೆ ಹಚ್ಚಿ ಮೀಯುವುದು ಈ ನಾಡಿನ ನಿತ್ಯಾಚಾರ. ಕರ್ಕಾಟಕ ಮಾಸದಲ್ಲಿ ಆಯುರ್ವೇದದ ತೈಲಾಭ್ಯಂಗವಂತೂ ವಯೋವೃದ್ಧರಿಗೆ ವಿಶೇಷವಾಗಿ ನಡೆಯುತ್ತದೆ. ನಮ್ಮವರಿಗೂ ಶನಿವಾರದ ಎಣ್ಣೆಸ್ನಾನ ಬಿಡುವಂಥದಲ್ಲ. ಬಿಡಿರೆಂದು ನಾನೂ ಹೇಳೆನು. ಎಣ್ಣೆಯನ್ನು ಬಚ್ಚಲಿನೊಳಗೆ ಹಚ್ಚಿಕೊಳ್ಳದೆ ಹೊರಗೆ ಕುರ್ಚಿಯಲ್ಲಿ ಕುಳಿತು ಹಚ್ಚಿಕೊಂಡು, ಅಂಗಾಲನ್ನು ಒಣಬಟ್ಟೆಯಿಂದ ಒರೆಸಿಕೊಂಡು ಒಳಗೆ ಹೋಗಬೇಕು. ಮಿಂದವರು ಹೊರಬಂದ ಕೂಡಲೇ ಮನೆಯ ಕಿರಿಯರಲ್ಲೊಬ್ಬರು ಸೀಗೆಪುಡಿಯನ್ನೋ ಕಡಲೆಹಿಟ್ಟನ್ನೋ ಚೆಲ್ಲಿ, ಕಡ್ಡಿಪೊರಕೆಯಿಂದ ತಿಕ್ಕಿ ಜಿಡ್ಡು ತೆಗೆಯಬೇಕು. ಬೀಳುವವರು ಅನೇಕ ವೇಳೆ ಎಣ್ಣೆ ಹಚ್ಚಿಕೊಂಡವರಲ್ಲ, ಅವರ ಹಿಂದೆ ಮೀಯಲು ಹೋದವರು.

ಮನೆ ಕಟ್ಟಿಸುವವರು, ನೆಲ ಹೊಸದಾಗಿ ಹಾಸಿಸುವವರು ಅಂಗಡಿಯಲ್ಲಿ ಬಿಲ್ಲೆಯ ಬಣ್ಣವನ್ನು ನೋಡುವ ಮುನ್ನ ಅದರ ಹಿಡಿತವನ್ನು ಕೇಳಬೇಕು. ತಯಾರಕರ ಪುಸ್ತಕಗಳಲ್ಲಿ ಆರ್ 9, ಆರ್ 10, ಆರ್ 11 ಎಂದು ಅಂಕೆಗಳಿರುತ್ತವೆ. ಅಂಕೆ ಏರಿದಷ್ಟೂ ಹಿಡಿತ ಹೆಚ್ಚು. ಆದರೆ ಇದು ಪಾದರಕ್ಷೆ ಹಾಕಿದ ಕಾಲಿನಿಂದ, ಎಣ್ಣೆ ಸವರಿದ ಇಳಿಜಾರಿನ ಮೇಲೆ ನಡೆದು ಮಾಡಿದ ಜರ್ಮನ್ ಪರೀಕ್ಷೆ. ಒದ್ದೆಯಾದ ಬರಿಗಾಲಿಗೆ ಎ, ಬಿ, ಸಿ ಎಂಬ ಮತ್ತೊಂದು ವರ್ಗೀಕರಣವುಂಟು. ಸ್ನಾನದ ಜಾಗಕ್ಕೆ ಕಡಿಮೆಯೆಂದರೂ ಬಿ ವರ್ಗದ್ದಾಗಬೇಕು. ಹಳೆಯ ನೆಲವನ್ನು ಕೀಳಿಸಲಾಗದವರು ರಬ್ಬರಿನ ಚಾಪೆ ಹಾಸಬಹುದು. ತಳದಲ್ಲಿ ಹೀರುಬಟ್ಟಲುಗಳಿರುವ ಚಾಪೆ ನುಣುಪಾದ ಬಿಲ್ಲೆಗಷ್ಟೇ ಕಚ್ಚಿಕೊಳ್ಳುವುದು, ಉಬ್ಬು ತಗ್ಗಿನ ಬಿಲ್ಲೆಯ ಮೇಲೆ ಅದು ತಾನೇ ಜಾರುವ ವಸ್ತುವಾಗುವುದು. ವಾರಕ್ಕೊಮ್ಮೆ ಎತ್ತಿ ಅದರ ತಳವನ್ನು ತಿಕ್ಕಿ ಒಣಗಿಸದಿದ್ದರೆ ಪಾಚಿ ಅಲ್ಲಿಯೇ ಬೆಳೆಯುತ್ತದೆ. ಬಾಗಿಲ ಹೊರಗಿನ ಬಟ್ಟೆಯ ಕಾಲೊರಸನ್ನಂತೂ, ದಯವಿಟ್ಟು, ಇಂದೇ ತೆಗೆದುಬಿಡಿರಿ.

ಟವೆಲಿನ ಸರಳಿನ ಮಾತನ್ನು ಮೇಲೆ ಆಡಿದೆನಷ್ಟೆ. ಅದನ್ನು ಸ್ವಲ್ಪ ವಿಸ್ತರಿಸಬೇಕು. ತಲೆ ತಿರುಗಿದ ಮನುಷ್ಯನು ಗೋಡೆಯಲ್ಲಿ ಕಂಡುದನ್ನು ಹಿಡಿಯುತ್ತಾನೆ. ಹಿಡಿದದ್ದು ಒದ್ದೆ ಟವೆಲಿನ ಭಾರಕ್ಕೆಂದು ಎರಡು ಸಣ್ಣ ತಿರುಪುಗಳಿಂದ ಗಾರೆಯ ಮೇಲ್ಪದರಕ್ಕಷ್ಟೇ ಬಿಗಿದ ಸರಳು. ಐವತ್ತು ಅರುವತ್ತು ಕಿಲೋ ತೂಕ ಒಮ್ಮೆಗೇ ಜಗ್ಗಿದಾಗ ಅದು ಕಿತ್ತು ಬರುತ್ತದೆ. ಬಿದ್ದವರ ಕೈಯಲ್ಲಿ ಸರಳೂ ಇರುತ್ತದೆ. ಹಿಡಿಕೋಲೆಂದರೆ ಬೇರೆಯೇ ವಸ್ತು. ನೂರು ಕಿಲೋಗೂ ಮಿಗಿಲಾದ ಭಾರವನ್ನು ಹೊರಬೇಕು. ಮುಷ್ಟಿಗೆ ಪೂರ್ಣವಾಗಿ ಸಿಕ್ಕುವಂತೆ ಮೂವತ್ತೈದು ನಲವತ್ತು ಮಿಲಿಮೀಟರು ದಪ್ಪವಿರಬೇಕು. ಗೋಡೆಗೂ ಅದಕ್ಕೂ ಬೆರಳು ತೂರುವಷ್ಟು ಎಡೆಯಿರಬೇಕು, ಮುಂಗೈಯೇ ತೂರಿ ಸಿಕ್ಕಿಬೀಳುವಷ್ಟು ಇರಬಾರದು. ಕಮೋಡಿನ ಪಕ್ಕದಲ್ಲಿ ಒಂದು, ನೀರು ಹೊಯ್ದುಕೊಳ್ಳುವಲ್ಲಿ ಒಂದು, ಸಾಧ್ಯವಾದರೆ ಬಾಗಿಲ ಬಳಿ ಆ ತಗ್ಗಿಗೆ ಇಳಿಯುವಾಗ ಹಿಡಿಯಲು ನೆಟ್ಟಗೆ ನಿಂತದ್ದೊಂದು. ಗುರುತು ಮಾಡುವಾಗ ಹಿರಿಯರನ್ನೇ ಅಲ್ಲಿ ಕೂಡಿಸಿ, ಏಳುವಾಗ ಅವರ ಕೈ ತಾನಾಗಿ ಎಲ್ಲಿಗೆ ಹೋಗುತ್ತದೆಂದು ನೋಡಿ, ಆ ಸ್ಥಳದಲ್ಲಿ ಪೆನ್ಸಿಲಿನಿಂದ ಗೆರೆ ಎಳೆಯಬೇಕು. ಬಡಗಿಯ ಎತ್ತರ ಅಜ್ಜಿಯ ಎತ್ತರವಲ್ಲ.

ಕೇರಳದ ಹಳೆಯ ಮನೆಗಳಿಗೆ ಇಲ್ಲಿ ಒಂದು ಎಚ್ಚರಿಕೆ ಹೇಳಬೇಕು. ಅವುಗಳ ಗೋಡೆ ಮುರಕಲ್ಲಿನದು. ಹೊರಗೆ ಗಟ್ಟಿ ಕಂಡರೂ ಒಳಗೆಲ್ಲ ರಂಧ್ರ, ಮೆದು. ಕಾಂಕ್ರೀಟಿಗೆ ಹೊಡೆಯುವ ಸಾಮಾನ್ಯ ಬಿರಡೆ ಆ ಕಲ್ಲಿನಲ್ಲಿ ನಿಲ್ಲದು. ರಂಧ್ರವನ್ನು ಆಳವಾಗಿ ಕೊರೆದು ರಾಸಾಯನಿಕ ಅಂಟು ತುಂಬಿ ಬೋಲ್ಟು ನಿಲ್ಲಿಸಬೇಕು, ಇಲ್ಲವೇ ನೆಲಕ್ಕೆ ಕಾಲೂರಿ ನಿಲ್ಲುವ ಚೌಕಟ್ಟನ್ನು ಕಮೋಡಿನ ಸುತ್ತ ಕೂಡಿಸಬೇಕು. ಕಡಲ ಗಾಳಿಯ ಊರುಗಳಾದ್ದರಿಂದ ತಿರುಪುಗಳು ಕೂಡ ಉತ್ತಮ ತುಕ್ಕುರಹಿತ ಉಕ್ಕಿನವಾಗಿರಬೇಕು. ಹೊಳೆಯುವ ಸರಳಿನ ಹಿಂದೆ ತಿರುಪು ತುಕ್ಕು ತಿಂದು ತೆಳ್ಳಗಾಗಿದ್ದರೆ ಕಣ್ಣಿಗೆ ಕಾಣುವುದಿಲ್ಲ, ತಿಂಗಳಿಗೊಮ್ಮೆ ಬಲವಾಗಿ ಜಗ್ಗಿ ನೋಡಿದರೇ ತಿಳಿಯುವುದು. ಕಮೋಡಿನ ಎತ್ತರವೂ ಗಮನಿಸತಕ್ಕದ್ದು. ವೃದ್ಧರಿಗೂ ಅಂಗವಿಕಲರಿಗೂ ಅನುಕೂಲವಾಗಲೆಂದು ಕೇಂದ್ರ ಸರ್ಕಾರ ಹೊರಡಿಸಿರುವ ಕಟ್ಟಡ ಮಾರ್ಗಸೂಚಿ ಹೇಳುವುದು 450ರಿಂದ 480 ಮಿಲಿಮೀಟರು. ಅಂಗಡಿಯ ಸಾಮಾನ್ಯ ಕಮೋಡು ಅದಕ್ಕಿಂತ ಮೂರು ನಾಲ್ಕು ಬೆರಳು ಕುಳ್ಳು. ಮೇಲೆ ಕೂಡಿಸುವ ಎತ್ತರದ ಆಸನ ಔಷಧೋಪಕರಣಗಳ ಅಂಗಡಿಗಳಲ್ಲಿ ದೊರೆಯುತ್ತದೆ. ಮೀಯಲು ಕೂರುವ ಕುರ್ಚಿಯ ಕಾಲಿಗೆ ರಬ್ಬರು ಟೋಪಿ ಇರಲಿ. ಮದುವೆಮನೆಯ ಪ್ಲಾಸ್ಟಿಕ್ ಕುರ್ಚಿಯನ್ನು ತಂದು ಒದ್ದೆ ನೆಲದ ಮೇಲಿಟ್ಟರೆ ಅದರ ಕಾಲುಗಳು ಮೆಲ್ಲನೆ ಅಗಲಿಸಿಕೊಂಡು ಹೋಗುತ್ತವೆ.

ರಾತ್ರಿಯ ಪ್ರಸಂಗ ಬೇರೆ. ರಕ್ತದೊತ್ತಡಕ್ಕೆ ಮಾತ್ರೆ ಸೇವಿಸುವವರು, ಪ್ರಾಸ್ಟೇಟ್ ತೊಂದರೆಯವರು, ಮೂತ್ರ ಹೆಚ್ಚಿಸುವ ಔಷಧವನ್ನು ಸಂಜೆ ತೆಗೆದುಕೊಂಡವರು ನಡುರಾತ್ರಿ ತಟಕ್ಕನೆ ಎದ್ದು ನಿಂತಾಗ ರಕ್ತದೊತ್ತಡ ಕುಸಿದು ಕಣ್ಣು ಕತ್ತಲಿಡುತ್ತದೆ. ಗಂಡಸರು ನಿಂತು ಮೂತ್ರ ವಿಸರ್ಜಿಸುವಾಗಲೇ ಮೂರ್ಛೆಹೋಗುವುದುಂಟು. ಆದ್ದರಿಂದ ಮಂಚದ ಅಂಚಿನಲ್ಲಿ ಒಂದೆರಡು ನಿಮಿಷ ಕಾಲು ಇಳಿಬಿಟ್ಟು ಕುಳಿತು ಏಳುವ ಅಭ್ಯಾಸ, ಕುಳಿತೇ ವಿಸರ್ಜಿಸುವ ಅಭ್ಯಾಸ, ಮಂಚದಿಂದ ಬಚ್ಚಲಿನವರೆಗೆ ಉರಿಯುವ ಮಂದದೀಪ, ಇವು ಬೇಕು. ಮೂತ್ರ ಹೆಚ್ಚಿಸುವ ಆ ಔಷಧವನ್ನು ಬೆಳಗ್ಗೆ ತೆಗೆದುಕೊಳ್ಳಬಹುದೇ ಎಂದು ವೈದ್ಯರನ್ನು ಒಮ್ಮೆ ಕೇಳಿರಿ, ತಾವಾಗಿ ಬದಲಾಯಿಸಕೂಡದು.

ಬಾಗಿಲಿನ ವಿಷಯದಲ್ಲಿ ನಮ್ಮ ಕಟ್ಟಡಗಳೆಲ್ಲ ಒಂದೇ ಪ್ರಮಾದ ಮಾಡಿವೆ. ಬಚ್ಚಲಿನ ಬಾಗಿಲು ಒಳಕ್ಕೆ ತೆರೆಯುತ್ತದೆ. ಒಳಗೆ ಬಿದ್ದವರು ಬಾಗಿಲಿಗಡ್ಡವಾಗಿಯೇ ಬೀಳುತ್ತಾರೆ, ಜಾಗವೇ ಅಷ್ಟು. ಹೊರಗಿನಿಂದ ನೂಕಿದರೆ ನೂಕುವುದು ಅವರ ದೇಹವನ್ನೇ. ಅದರ ಮೇಲೆ ಒಳಗಿನಿಂದ ಅಗುಳಿ. ತಿರುಗಣಿಯನ್ನು ಬದಲಾಯಿಸಿ ಬಾಗಿಲು ಹೊರಕ್ಕೆ ತೆರೆಯುವಂತೆ ಮಾಡಿಸುವುದು ಬಡಗಿಗೆ ಅರ್ಧ ದಿನದ ಕೆಲಸ. ಹೊರಗಿನಿಂದ ನಾಣ್ಯ ತೂರಿಸಿ ತಿರುಗಿಸಿದರೆ ತೆರೆದುಕೊಳ್ಳುವ ಬೀಗ ಅಂಗಡಿಗಳಲ್ಲುಂಟು, ಎರ್ನಾಕುಳದ ಬ್ರಾಡ್‌ವೇಯಲ್ಲಾಗಲಿ ತಿರುವನಂತಪುರದ ಚಾಲೆ ಪೇಟೆಯಲ್ಲಾಗಲಿ ಕೇಳಿದರೆ ಸಿಕ್ಕೀತು. ಅದೂ ಆಗದಿದ್ದರೆ ಅಗುಳಿಯನ್ನು ಹಾಕುವುದೇ ಬೇಡ, ಬಾಗಿಲ ಹಿಡಿಗೆ ಒಂದು ಕೆಂಪು ದಾರ ಕಟ್ಟಿದರೆ ಒಳಗೆ ಜನವಿದ್ದಾರೆಂಬ ಸಂಕೇತವಾಯಿತು. ಒಳಗೆ ಕರೆಗಂಟೆಯ ಗುಂಡಿಯನ್ನು ಇಡುವವರು ಅದನ್ನು ನಿಂತವರ ಭುಜದೆತ್ತರಕ್ಕೆ ಇಡುತ್ತಾರೆ. ನೆಲದಲ್ಲಿ ಬಿದ್ದವರ ಕೈಗೆ ಅದು ಎಟುಕುವುದೆಂತು? ನೆಲದಿಂದ ಒಂದು ಗೇಣಿನವರೆಗೂ ಇಳಿಬಿದ್ದ ಎಳೆದಾರ ಅದಕ್ಕೆ ಇರಬೇಕು.

ಇನ್ನು ಶಿಶುಗಳ ವಿಷಯಕ್ಕೆ ಬರುತ್ತೇನೆ. ಅವರಿಗೆ ಮೊದಲ ಅಪಾಯ ಕೂಡಿಟ್ಟ ನೀರು. ಪಶ್ಚಿಮ ಕೊಚ್ಚಿಯ ಮಟ್ಟಾಂಚೇರಿ, ಫೋರ್ಟ್ ಕೊಚ್ಚಿಗಳಲ್ಲಿ ನಲ್ಲಿಯ ನೀರು ನಂಬಿಕೆಗೆ ತಕ್ಕುದಲ್ಲವೆಂಬುದು ಅಲ್ಲಿ ವಾಸಿಸಿದವರಿಗೆಲ್ಲ ತಿಳಿದದ್ದು. 2023ರ ಆರಂಭದಲ್ಲಿ ಪಾಳೂರಿನ ಪಂಪು ಕೆಟ್ಟು ದಿನಗಟ್ಟಲೆ ಟ್ಯಾಂಕರು ಲಾರಿಗಳ ಹಿಂದೆ ಕೊಡಗಳು ಸಾಲುಗಟ್ಟಿದ್ದುವು. 2024ರ ಸೆಪ್ಟೆಂಬರಿನಲ್ಲಿ ರೈಲು ಮಾರ್ಗದ ಕಾಮಗಾರಿಗಾಗಿ ಕೊಳವೆ ಬದಲಾಯಿಸುವಾಗ ತಿರುವನಂತಪುರದಲ್ಲಿಯೂ ನೀರು ನಿಂತು, ನಗರದ ಶಾಲೆಗಳಿಗೆ ರಜೆ ಕೊಡಬೇಕಾಯಿತು. ಅಂಥ ಅನುಭವವಾದ ಮೇಲೆ ಗೃಹಿಣಿಯರು ಏನು ಮಾಡುತ್ತಾರೆ? ನೀರು ಬಂದಾಗ ಬಕೆಟ್ಟು, ಡ್ರಮ್ಮು, ಟಬ್ಬುಗಳನ್ನೆಲ್ಲ ತುಂಬಿಸಿ ಬಚ್ಚಲಿನಲ್ಲಿ ಸಾಲಾಗಿ ಇಡುತ್ತಾರೆ. ಮಾಡಲೇಬೇಕಾದ ಕೆಲಸವದು. ಆದರೆ ಒಂದು ವರ್ಷದ ಮಗುವಿಗೆ ತುಂಬಿದ ಬಕೆಟ್ಟು ಕೆರೆಯೇ ಸರಿ. ಆ ವಯಸ್ಸಿನ ಶಿಶುವಿನ ದೇಹದಲ್ಲಿ ತಲೆಯೇ ಭಾರ. ಅಂಚು ಹಿಡಿದು ಇಣುಕಿ, ನೀರನ್ನು ಮುಟ್ಟಲು ಬಗ್ಗಿದರೆ ತಲೆ ಮೊದಲಾಗಿ ಒಳಗೆ ಹೋಗುತ್ತದೆ, ಕೈಕಾಲಿಗೆ ಎಳೆದುಕೊಳ್ಳುವ ಬಲವಿಲ್ಲ, ತುಂಬಿದ ಬಕೆಟ್ಟು ಉರುಳುವುದೂ ಇಲ್ಲ. ಮೂಗು ಬಾಯಿ ಮುಳುಗಲು ಎರಡು ಅಂಗುಲ ನೀರು ಸಾಕು. ಸದ್ದಾಗುವುದಿಲ್ಲ, ಅಡುಗೆಮನೆಯಲ್ಲಿ ಒಗ್ಗರಣೆ ಹಾಕುವಷ್ಟು ಹೊತ್ತಿನಲ್ಲಿ ಎಲ್ಲವೂ ಮುಗಿದಿರುತ್ತದೆ. ನೀರನ್ನು ಕೂಡಿಡುವವರು ತಿರುಪಿನ ಮುಚ್ಚಳವಿರುವ ಡ್ರಮ್ಮಿನಲ್ಲಿಯೇ ಕೂಡಿಡಬೇಕು. ಸ್ನಾನದ ಬಕೆಟ್ಟನ್ನು ಮಿಂದ ಕೂಡಲೇ ಬರಿದು ಮಾಡಿ ಬೋರಲು ಹಾಕಬೇಕು. ಬಾಗಿಲ ಹೊರಗೆ, ಮಗುವಿನ ಕೈಗೆಟುಕದ ಎತ್ತರದಲ್ಲಿ ಚಿಲಕವೊಂದಿರಬೇಕು. ಮೂರು ವರ್ಷದ ಅಕ್ಕನನ್ನು ಕಾವಲಿಗೆ ಬಿಟ್ಟು ಒಂದು ವರ್ಷದ ತಮ್ಮನನ್ನು ಟಬ್ಬಿನಲ್ಲಿ ಕೂಡಿಸುವ ಪದ್ಧತಿ ಎಷ್ಟು ಮಾತ್ರಕ್ಕೂ ಸಲ್ಲದು.

ಬಿಸಿನೀರಿನಲ್ಲಿ ನಮ್ಮದೊಂದು ಅಭ್ಯಾಸ ತಲೆಕೆಳಗಾಗಿದೆ. ಬಕೆಟ್ಟಿಗೆ ಮೊದಲು ಕುದಿಯುವ ನೀರನ್ನು ಬಿಟ್ಟು, ಅದು ಅರ್ಧವಾದ ಮೇಲೆ ತಣ್ಣೀರು ಬೆರೆಸುತ್ತೇವೆ. ಆ ಎರಡರ ನಡುವಿನ ಅವಕಾಶದಲ್ಲಿ ದೂರವಾಣಿ ಬಡಿಯುತ್ತದೆ, ಮಗು ಬಂದು ಕೈಯಿಡುತ್ತದೆ. ತಣ್ಣೀರು ಮೊದಲು, ಬಿಸಿನೀರು ಆಮೇಲೆ. ಈ ಒಂದು ಕ್ರಮವನ್ನು ಬದಲಿಸಲು ಕಾಸು ಖರ್ಚಿಲ್ಲ. ಅರುವತ್ತು ಡಿಗ್ರಿಯ ನೀರು ದೊಡ್ಡವರ ಚರ್ಮವನ್ನೇ ಐದಾರು ಸೆಕೆಂಡುಗಳಲ್ಲಿ ಆಳವಾಗಿ ಸುಡುತ್ತದೆ, ಮಕ್ಕಳ ತೆಳುಚರ್ಮಕ್ಕೂ ವೃದ್ಧರ ಸೊರಗಿದ ಚರ್ಮಕ್ಕೂ ಅಷ್ಟೂ ಹೊತ್ತು ಬೇಡ. ಐವತ್ತಕ್ಕಿಂತ ಕೆಳಗಾದರೆ ಸುಡಲು ನಿಮಿಷಗಳು ಬೇಕು, ಅಷ್ಟರಲ್ಲಿ ಕೈ ಹಿಂದೆಗೆಯಬಹುದು. ಮಧುಮೇಹದಿಂದ ಪಾದದ ಸ್ಪರ್ಶಜ್ಞಾನ ಕುಂದಿದವರಿಗಾದರೋ ಸುಟ್ಟದ್ದೂ ತಿಳಿಯದು; ಅವರು ನೀರನ್ನು ಕಾಲಿನಿಂದ ಪರೀಕ್ಷಿಸದೆ ಮೊಣಕೈಯಿಂದ ಪರೀಕ್ಷಿಸಬೇಕು. ಗೀಸರಿನ ತಿರುಗುಗುಂಡಿಯನ್ನು ಐವತ್ತಕ್ಕೆ ಇಳಿಸಿಡಿರಿ, ಕೇರಳದ ಹವೆಗೆ ಅದು ಧಾರಾಳ. ಅಕಸ್ಮಾತ್ ಸುಟ್ಟರೆ ನಲ್ಲಿಯ ತಣ್ಣೀರನ್ನು ಇಪ್ಪತ್ತು ನಿಮಿಷ ಸುಟ್ಟ ಭಾಗದ ಮೇಲೆ ಹರಿಯಬಿಡುವುದೇ ಪ್ರಥಮ ಚಿಕಿತ್ಸೆ. ಟೂತ್‌ಪೇಸ್ಟು, ತುಪ್ಪ, ಮಂಜುಗಡ್ಡೆ ಇವೊಂದೂ ಬೇಡ.

ಎಳೆಗೂಸಿನ ಸ್ನಾನವೆಂಬುದು ವೃದ್ಧರ ಅಪಾಯವೂ ಶಿಶುವಿನ ಅಪಾಯವೂ ಒಂದೇ ಮಣೆಯ ಮೇಲೆ ಕೂಡುವ ಪ್ರಸಂಗ. ಬಾಣಂತನಕ್ಕೆಂದು ಊರಿನಿಂದ ಬಂದ ಅಜ್ಜಿ ಕಾಲು ನೀಡಿ ಕುಳಿತು, ಮೊಣಕಾಲುಗಳ ಮೇಲೆ ಮಗುವನ್ನು ಮಲಗಿಸಿಕೊಂಡು, ಎಣ್ಣೆ ತಿಕ್ಕಿ ಬಿಸಿನೀರು ಹೊಯ್ಯುವ ಆ ಕಲೆ ನಮ್ಮ ಸಂಸ್ಕೃತಿಯ ಅತ್ಯಂತ ಕೋಮಲವಾದ ವಿದ್ಯೆಗಳಲ್ಲಿ ಒಂದೆಂದು ನಾನು ನಂಬುತ್ತೇನೆ, ಅದು ಲೋಪವಾಗುವುದನ್ನು ಬಯಸೆನು. ಅಪಾಯವಿರುವುದು ಸ್ನಾನದಲ್ಲಲ್ಲ, ಅನಂತರದ ಕ್ಷಣದಲ್ಲಿ. ಕೈಯಲ್ಲಿ ಎಣ್ಣೆ, ಕೈಗಳ ಮೇಲೆ ಜಾರುವ ಮಗು, ನೀಡಿಕೊಂಡಿದ್ದು ಮರಗಟ್ಟಿದ ಕಾಲು, ಒದ್ದೆ ನೆಲ. ಈ ಸ್ಥಿತಿಯಲ್ಲಿ ಅಜ್ಜಿ ಮಗುವನ್ನೆತ್ತಿಕೊಂಡು ಏಳಬಾರದು. ಕುಳಿತಲ್ಲಿಯೇ ಮಗುವನ್ನು ಒಣ ಬಟ್ಟೆಯಲ್ಲಿ ಸುತ್ತಿ ಇನ್ನೊಬ್ಬರ ಕೈಗೆ ಕೊಡಬೇಕು. ಆ ಇನ್ನೊಬ್ಬರು ಆದಿಯಿಂದಲೂ ಬಾಗಿಲಲ್ಲಿಯೇ ನಿಂತಿರಬೇಕು. ತಂದೆಯಾದವನು ಆಫೀಸಿಗೆ ಒಂದು ತಾಸು ತಡವಾಗಿ ಹೋಗಲು ಇದಕ್ಕಿಂತ ಯೋಗ್ಯವಾದ ಕಾರಣ ಮತ್ತಾವುದು?

ಬಚ್ಚಲಿನ ಕಪಾಟಿನ ಪದಾರ್ಥಗಳನ್ನು ಕುರಿತು ಸಂಕ್ಷೇಪವಾಗಿ ಹೇಳುತ್ತೇನೆ. ಕೇರಳದಲ್ಲಿ ಬಾವಿ ಶುದ್ಧಿಗೆ ಬ್ಲೀಚಿಂಗ್ ಪೌಡರು ಮನೆಮನೆಯಲ್ಲಿ ಉಂಟು, 2018ರ ಪ್ರವಾಹದ ಬಳಿಕ ಅದರ ಬಳಕೆ ಇನ್ನೂ ಪರಿಚಿತವಾಯಿತು. ಶೌಚಾಲಯ ತೊಳೆಯುವ ದ್ರವದಲ್ಲಿ ಹೈಡ್ರೋಕ್ಲೋರಿಕ್ ಆಮ್ಲವಿರುತ್ತದೆ. ಪಾಚಿ ಬೇಗ ಹೋಗಲೆಂದು ಇವೆರಡನ್ನೂ ಒಟ್ಟಿಗೆ ಸುರಿದರೆ ಕ್ಲೋರಿನ್ ಎಂಬ ವಿಷವಾಯು ಏಳುತ್ತದೆ, ಆ ಪುಟ್ಟ ಕೋಣೆಯಲ್ಲಿ ಅದು ಶ್ವಾಸಕೋಶವನ್ನು ಸುಡುತ್ತದೆ. ಆಮ್ಲವನ್ನು ಪಾನೀಯದ ಖಾಲಿ ಬಾಟಲಿಗೆ ತುಂಬಿಡಬೇಡಿರಿ. ಮಗು ಕುಡಿದರೆ ವಾಂತಿ ಮಾಡಿಸಬೇಡಿರಿ. ಇಳಿಯುವಾಗ ಸುಟ್ಟ ಅನ್ನನಾಳವನ್ನು ಏರುವಾಗ ಎರಡನೆಯ ಸಲ ಸುಡುತ್ತದೆ. ಬಾಟಲಿಯನ್ನೂ ಜೊತೆಗೆ ತೆಗೆದುಕೊಂಡು ಆಸ್ಪತ್ರೆಗೆ ಧಾವಿಸಬೇಕು. ವಿದ್ಯುತ್ತಿನ ವಿಷಯದಲ್ಲಿ, ಮೀಟರಿನ ಬಳಿಯ ಪೆಟ್ಟಿಗೆಯಲ್ಲಿ ಮೂವತ್ತು ಮಿಲಿಯಾಂಪಿಯರಿನ ಇಎಲ್‌ಸಿಬಿ (ವಿದ್ಯುತ್ತು ಸೋರಿದೊಡನೆ ಅದನ್ನು ಕಡಿಯುವ ಉಪಕರಣ) ಇದೆಯೇ ಎಂದು ನೋಡಿ, ಅದರ ಪರೀಕ್ಷಾ ಗುಂಡಿಯನ್ನು ತಿಂಗಳಿಗೊಮ್ಮೆ ಒತ್ತಬೇಕು. ಒತ್ತಿದಾಗ ವಿದ್ಯುತ್ತು ಕಡಿಯದಿದ್ದರೆ ಅದು ಸತ್ತ ಯಂತ್ರ. ಬಕೆಟ್ಟಿನಲ್ಲಿ ಇಳಿಬಿಡುವ ಕಾಯಿಲನ್ನು ಮಕ್ಕಳಿರುವ ಮನೆಯಲ್ಲಿ ಇಟ್ಟುಕೊಳ್ಳದಿರುವುದೇ ಲೇಸು. ಬೆಂಗಳೂರಿನಿಂದ ವರ್ಗವಾಗಿ ಬರುವಾಗ ಗ್ಯಾಸ್ ಗೀಸರನ್ನೂ ಕಟ್ಟಿಕೊಂಡು ಬಂದವರು ಅದನ್ನು ಬಚ್ಚಲಿನ ಹೊರಗೆ, ಬಯಲ ಗಾಳಿಯಲ್ಲಿ ಕೂಡಿಸಬೇಕು; ಅದು ಉಗುಳುವ ಕಾರ್ಬನ್ ಮೊನಾಕ್ಸೈಡಿಗೆ ಬಣ್ಣವೂ ಇಲ್ಲ, ವಾಸನೆಯೂ ಇಲ್ಲ.

ಇಷ್ಟೆಲ್ಲ ಮಾಡಿಯೂ ಒಬ್ಬರು ಬಿದ್ದರೆನ್ನಿ. ಓಡಿಬಂದವರ ಪ್ರಥಮ ಪ್ರವೃತ್ತಿ ಕಂಕುಳಿಗೆ ಕೈಹಾಕಿ ಎಬ್ಬಿಸುವುದು; ಅದನ್ನು ತಡೆಯಬೇಕು. ಬಿದ್ದಲ್ಲಿಯೇ ಒಣ ಬಟ್ಟೆ ಹೊದಿಸಿ, ಎಲ್ಲಿ ನೋವೆಂದು ಕೇಳಿ ನೋಡಬೇಕು. ಒಂದು ಕಾಲು ಮತ್ತೊಂದಕ್ಕಿಂತ ಗಿಡ್ಡವಾಗಿ, ಪಾದ ಹೊರಕ್ಕೆ ತಿರುಗಿಕೊಂಡಿದ್ದರೆ ಸೊಂಟದ ಬಳಿ ತೊಡೆಯೆಲುಬು ಮುರಿದಿದೆಯೆಂದೇ ಭಾವಿಸಿ 108ಕ್ಕೆ ಕರೆಮಾಡಬೇಕು. ಎಣ್ಣೆ ನೀವುವವರ ಬಳಿಗೆ ಹೊತ್ತೊಯ್ಯಬಾರದು. ಶಸ್ತ್ರಚಿಕಿತ್ಸೆ ಒಂದೆರಡು ದಿನಗಳೊಳಗೆ ಆದರೆ ಮತ್ತೆ ನಡೆಯುವ ಸಂಭವ ಹೆಚ್ಚು. ಹೃದಯಕ್ಕೆಂದು ರಕ್ತ ತೆಳುವಾಗಿಸುವ ಮಾತ್ರೆ ಸೇವಿಸುತ್ತಿರುವವರ ತಲೆಗೆ ಪೆಟ್ಟಾದರೆ, ಅವರು ನಗುನಗುತ್ತ ಕಾಫಿ ಕುಡಿಯುತ್ತಿದ್ದರೂ ಅದೇ ದಿನ ಆಸ್ಪತ್ರೆಗೆ ತೋರಿಸಬೇಕು. ತಲೆಯೊಳಗಿನ ರಕ್ತಸ್ರಾವ ವಾರಗಳ ಮೇಲೆ, ಮಾತು ತೊದಲಿದಾಗಲೋ ಮಂಕು ಕವಿದಾಗಲೋ ಪ್ರಕಟವಾಗುವುದುಂಟು. ಹಾಸಿಗೆ ಹಿಡಿದವರಿಗೆ ಮನೆಗೇ ಬಂದು ಶುಶ್ರೂಷೆ ಮಾಡುವ ಪ್ಯಾಲಿಯೇಟಿವ್ ದಾದಿಯರನ್ನು ಕೇರಳದ ಸ್ಥಳೀಯ ಸಂಸ್ಥೆಗಳು ನೇಮಿಸಿವೆ. ಅದು ಈ ರಾಜ್ಯದ ಮಹತ್ಸಾಧನೆ. ಭಾಷೆ ಬಾರದೆಂಬ ಹಿಂಜರಿಕೆಯಿಂದ ನಮ್ಮವರು ವಾರ್ಡಿನ ಆಶಾ ಕಾರ್ಯಕರ್ತೆಯನ್ನು ಕೇಳುವುದೇ ಇಲ್ಲ, ಕೇಳಿರಿ. ಹಿರಿಯ ನಾಗರಿಕರ ಸಹಾಯವಾಣಿ 14567.

ಬಾಡಿಗೆಯ ಮನೆಯವರು ಗೋಡೆ ಕೊರೆಯಲು ಮಾಲೀಕರು ಒಪ್ಪುವುದಿಲ್ಲವೆನ್ನುತ್ತಾರೆ. ಕೇಳದೆ ಹೇಳುವವರೇ ಇವರಲ್ಲಿ ಬಹುಮಂದಿ. ಮಲಯಾಳಿ ಮಾಲೀಕರ ಮನೆಯಲ್ಲಿಯೂ ಮುದಿ ತಾಯಿತಂದೆಯರಿದ್ದಾರೆ, ಅವರ ಮಕ್ಕಳೂ ದುಬಾಯಿಯಿಂದಲೋ ದೋಹಾದಿಂದಲೋ ಇದೇ ಆತಂಕದಿಂದ ರಾತ್ರಿ ಕರೆಮಾಡುತ್ತಾರೆ. ಬಿಡುವಾಗ ಹಿಡಿಕೋಲನ್ನು ಮನೆಗೇ ಬಿಟ್ಟುಹೋಗುವೆವೆಂದು ಬರೆದುಕೊಟ್ಟರೆ ಒಪ್ಪದವರು ವಿರಳ.

ನಿಮ್ಮ ಕನ್ನಡ ಸಂಘಗಳಲ್ಲಿ ನನ್ನದೊಂದು ಪ್ರಾರ್ಥನೆ. ನವೆಂಬರ್ 1 ಕರ್ನಾಟಕದವರಿಗೂ ಕೇರಳದವರಿಗೂ ಒಂದೇ ದಿನ ಒದಗಿದ ಹಬ್ಬ. 1956ರಲ್ಲಿ ಎರಡು ರಾಜ್ಯಗಳೂ ಅಂದೇ ರೂಪುಗೊಂಡುವು. ಅಂದು ಸಭೆ ಸೇರಿದಾಗ ಹಾಡು, ಭಾಷಣ, ಊಟಗಳಾದ ಬಳಿಕ, ಯಾವ ಯಾವ ಮನೆಯಲ್ಲಿ ಹಗಲು ಒಬ್ಬರೇ ಇರುವ ಹಿರಿಯರಿದ್ದಾರೆ, ಯಾವ ಮನೆಯಲ್ಲಿ ಎರಡು ವರ್ಷದೊಳಗಿನ ಮಕ್ಕಳಿದ್ದಾರೆ ಎಂಬ ಪಟ್ಟಿಯನ್ನು ಬರೆದುಕೊಳ್ಳಿರಿ. ಮುಂದಿನ ಮಳೆಗಾಲಕ್ಕೆ ಮುನ್ನ, ಎಂದರೆ ಮೇ ಮುಗಿಯುವುದರೊಳಗಾಗಿ, ಸಂಘದ ಇಬ್ಬರು, ಒಬ್ಬ ಗಂಡಸು ಒಬ್ಬ ಹೆಂಗಸು, ಪರಿಚಿತನಾದ ಒಬ್ಬ ಬಡಗಿಯನ್ನು ಕರೆದುಕೊಂಡು ಆ ಮನೆಗಳಿಗೆ ಹೋಗಿ, ಸರಳು ಜಗ್ಗಿ, ಬಾಗಿಲು ತೆರೆದು ಮುಚ್ಚಿ, ಗೀಸರಿನ ಗುಂಡಿ ನೋಡಿ, ಅಜ್ಜನನ್ನೋ ಅಜ್ಜಿಯನ್ನೋ ಕೂಡಿಸಿ ಗೋಡೆಯ ಮೇಲೆ ಗೆರೆ ಎಳೆದು ಬರಲಿ. ಪಕ್ಕದ ಮನೆಯವರ ದೂರವಾಣಿ ಸಂಖ್ಯೆಯನ್ನು ಕನ್ನಡದ ದಪ್ಪ ಅಂಕೆಗಳಲ್ಲಿ ಬರೆದು ಹಾಸಿಗೆಯ ಪಕ್ಕದ ಗೋಡೆಗೆ ಅಂಟಿಸಲಿ. ಆ ನೆರೆಯವರಿಗೂ ಇಂಥವರು ಒಬ್ಬರೇ ಇರುತ್ತಾರೆಂದು ಮಲಯಾಳದಲ್ಲಿ ಹೇಳಿ, ಮನೆಯ ಇನ್ನೊಂದು ಕೀಲಿಕೈಯನ್ನು ಅವರಲ್ಲಿ ಇಡಿಸಲಿ. ಖರ್ಚು ಕೊಡಲಾರದ ಕುಟುಂಬವಿದ್ದರೆ ಸಂಘದ ನಿಧಿಯಿಂದ ಭರಿಸಲು ಯಾವ ಸದಸ್ಯರೂ ಆಕ್ಷೇಪಿಸಲಾರರೆಂದು ನಾನು ದೃಢವಾಗಿ ನಂಬಿದ್ದೇನೆ.

ಇತಿ,
ನಿಮ್ಮಂತೆಯೇ ಈ ನಾಡಿನಲ್ಲಿ ನೆಲಸಿರುವ
ಒಬ್ಬ ಕನ್ನಡಿಗ